ಹಸಿವಿಲ್ಲದವರದು ಉಪವಾಸವಲ್ಲ

ಸಂಪಾದಕರು ತಿಂಗಳಿಗೊಮ್ಮೆ ಓದುಗರ ಪತ್ರಗಳನ್ನೆಲ್ಲ ಒಂದು ಲಕೋಟೆಯಲ್ಲಿ ತುಂಬಿ ಶಿವಮೊಗ್ಗದ ನನ್ನ ಮನೆಗೆ ಕಳುಹಿಸುತ್ತಾರೆ. ಬಿಚ್ಚಿದರೆ ಅರ್ಧದಷ್ಟು ಅತ್ತೆ ಸೊಸೆಯರದು, ಕಾಲುಭಾಗ ಅಣ್ಣತಮ್ಮಂದಿರ ಆಸ್ತಿ ಪಾಲಿನದು. ಕಳೆದ ತಿಂಗಳು ಒಬ್ಬಾಕೆಗೆ ಉತ್ತರಿಸುತ್ತ, "ಜೀವಮಾನವಿಡೀ ಯಾರ ಮೇಲೂ ಲೈಂಗಿಕ ಆಸೆ ಹುಟ್ಟದವರೂ ಇರುತ್ತಾರೆ, ಅದು ರೋಗವಲ್ಲ" ಎಂದು ಒಂದು ವಾಕ್ಯ ಬರೆದಿದ್ದೆ. ಈ ಸಲದ ಲಕೋಟೆಯಲ್ಲಿ ಆ ಒಂದು ವಾಕ್ಯಕ್ಕೇ ಹದಿನಾಲ್ಕು ಪತ್ರಗಳಿವೆ. ಒಂದರ ತುಂಬ ಬರೀ ಬೈಗುಳ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ. ಉಳಿದವುಗಳಲ್ಲಿ ಆರನ್ನು ಆರಿಸಿ ಇಡೀ ಅಂಕಣವನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಆಸ್ತಿಯವರು ಒಂದು ತಿಂಗಳು ತಾಳಿಕೊಳ್ಳಲಿ, ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಪಿ.ಜಿ.ಯ ಗೆಳತಿಯರು ಸಿನಿಮಾ ನಟರ ಬಗ್ಗೆ, ಕಚೇರಿಯ ಹುಡುಗರ ಬಗ್ಗೆ ಮಾತನಾಡಿ ನಗುವಾಗ ನಾನೂ ನಗುತ್ತೇನೆ. ಅವರು ಹೇಳುತ್ತಿರುವುದು ಏನೆಂದು ನನಗೆ ಇಂದಿಗೂ ಒಳಗಿನಿಂದ ಗೊತ್ತಿಲ್ಲ. ಎಲ್ಲರಿಗೂ ಆದದ್ದು ನನಗೂ ಆಗುತ್ತದೆ ಎಂದು ಹತ್ತನೇ ತರಗತಿಯಿಂದ ಕಾದೆ. ಕಚೇರಿಯಲ್ಲಿ ಒಬ್ಬ ಸ್ನೇಹಿತನಿದ್ದಾನೆ. ಅವನಿಗೆ ಜ್ವರ ಬಂದರೆ ನನಗೆ ನಿದ್ದೆ ಬರುವುದಿಲ್ಲ, ಅವನ ಕೈ ಹಿಡಿದು ಲಾಲ್‌ಬಾಗ್ ಸುತ್ತಿದರೆ ಆ ವಾರವೆಲ್ಲ ಹಬ್ಬ. ಅದರಾಚೆಗಿನದು ನೆನೆದರೆ ಹೆದರಿಕೆಯಲ್ಲ, ಅಸಹ್ಯವೂ ಅಲ್ಲ, ಪಕ್ಕದ ಮನೆಯವರ ವಿಷಯ ಎನ್ನಿಸುತ್ತದೆ. ಮೊಬೈಲಿನಲ್ಲಿ ಹುಡುಕಿದಾಗ 'ಅಲೈಂಗಿಕ' ಎಂಬ ಪದ ಸಿಕ್ಕಿತು. ತಕ್ಷಣ ನೆನಪಾದದ್ದು ಶಾಲೆಯ ವಿಜ್ಞಾನ ಪುಸ್ತಕದ ಹೈಡ್ರಾ! ಅಮ್ಮ ಈವರೆಗೆ ಐದು ಗಂಡುಗಳಿಗೆ ಉಪ್ಪಿಟ್ಟು, ಕೇಸರಿಬಾತು ಮಾಡಿ ಬಡಿಸಿದ್ದಾಳೆ. "ಮದುವೆಯಾದರೆ ಎಲ್ಲ ತಾನಾಗಿ ಬರುತ್ತದೆ" ಎನ್ನುತ್ತಾಳೆ. ಬರುತ್ತದೆಯೇ?
ಎಸ್., ಬೆಂಗಳೂರು

ಉತ್ತರ: ಹೈಡ್ರಾ ಎಂದು ಓದಿ ಒಬ್ಬಳೇ ನಕ್ಕೆ, ಮಗಳೇ. ನಮ್ಮ ಭಾಷೆಯ ಕಷ್ಟವೇ ಅದು. 'ಅಲೈಂಗಿಕ' ಎಂದರೆ ಕನ್ನಡದಲ್ಲಿ ಕಲಿತವರಿಗೆಲ್ಲ ಮೊದಲು ಕಾಣುವುದು ಮೊಗ್ಗೊಡೆಯುವ ಹೈಡ್ರಾ, ಎರಡಾಗಿ ಸೀಳುವ ಅಮೀಬಾ. ನನಗೂ ಬೇರೆ ಅರ್ಥ ಗೊತ್ತಿರಲಿಲ್ಲ. ಕಲಿಸಿದವಳು ಅಕ್ಕನ ಮಗಳು, ಒಂದು ದೀಪಾವಳಿಯಲ್ಲಿ, ಹೋಳಿಗೆ ಬೇಯಿಸುವ ಹೆಂಚಿನ ಮುಂದೆ. "ಚಿಕ್ಕಮ್ಮಾ, ನಾನು ಏಸ್" ಎಂದಳು. ನಾನು ಇಸ್ಪೀಟಿನ ಎಕ್ಕ ಎಂದುಕೊಂಡೆ. ಇಂಗ್ಲಿಷಿನ 'ಏಸೆಕ್ಷುವಲ್' ಎಂಬ ಉದ್ದ ಪದವನ್ನು ಮೊಟಕು ಮಾಡಿ ಅವರು ತಮ್ಮನ್ನು ಕರೆದುಕೊಳ್ಳುವುದೇ ಹಾಗೆ ಎಂದು ಆಮೇಲೆ ತಿಳಿಯಿತು.

ಅವಳು ಅಂದು ಬಿಡಿಸಿ ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಹೇಳುತ್ತೇನೆ. ನಾವು 'ಆಸೆ' ಎಂಬ ಒಂದೇ ಡಬ್ಬಿಯಲ್ಲಿ ನಾಲ್ಕಾರು ಸಾಮಾನು ತುಂಬಿಟ್ಟಿದ್ದೇವೆ. ಒಬ್ಬ ವ್ಯಕ್ತಿಯನ್ನು ಕಂಡು ದೇಹ ಸೆಳೆಯುವುದು ಒಂದು. ಯಾರನ್ನೂ ಕಾಣದೆಯೂ ದೇಹ ತಾನೇ ತಾನಾಗಿ ಎಚ್ಚರಗೊಳ್ಳುವುದು ಇನ್ನೊಂದು. ಒಬ್ಬರ ಜೊತೆ ಬಾಳಬೇಕು, ಅವರ ಜ್ವರಕ್ಕೆ ನಾನು ಎದ್ದು ಕೂರಬೇಕು ಎನ್ನಿಸುವ ಪ್ರೀತಿ ಮತ್ತೊಂದು. ಮಕ್ಕಳು ಬೇಕೆನ್ನಿಸುವುದು ಇನ್ನೂ ಬೇರೆ. ಅಲೈಂಗಿಕ ಎನ್ನುವುದು ಮೊದಲನೆಯದರ ಮಾತು ಮಾತ್ರ: ಯಾರ ಮೇಲೂ ಆ ಸೆಳೆತ ಇಲ್ಲ, ಅಥವಾ ಇಲ್ಲವೆನ್ನುವಷ್ಟು ಕಡಿಮೆ. ಉಳಿದವು ಇರಬಹುದು, ಇಲ್ಲದಿರಬಹುದು. ನಿನ್ನ ಪತ್ರದಲ್ಲಿ ಪ್ರೀತಿ ತುಂಬಿ ತುಳುಕುತ್ತಿದೆ. ಇಂಥವರನ್ನು ಪ್ರೇಮವುಳ್ಳ ಏಸ್ ಎನ್ನುತ್ತಾರೆ. ಪ್ರೇಮದ ಸೆಳೆತವೂ ಹುಟ್ಟದವರಿಗೆ ಏರೋಮ್ಯಾಂಟಿಕ್ ಎಂಬ ಹೆಸರಿದೆ. ಅವರೂ ಒಣಕಟ್ಟಿಗೆಗಳಲ್ಲ. ಗೆಳೆಯರು, ಅಕ್ಕತಂಗಿಯರು, ಸಾಕಿದ ನಾಯಿ, ಕಲಿಸಿದ ಮಕ್ಕಳು, ಇವರ ನಡುವೆ ತುಂಬು ಬಾಳು ಬಾಳುತ್ತಾರೆ.

ನೀನು ಕಾದ ಹಾಗೆ ಕಾದು ಕುಳಿತವರು ಜಗತ್ತಿನಲ್ಲಿ ಬಹಳ ಮಂದಿ. ಅಮೆರಿಕದ ಡೇವಿಡ್ ಜೇ ಎಂಬ ಕಾಲೇಜು ಹುಡುಗ 2001ರಲ್ಲಿ ಇಂಥವರಿಗಾಗಿಯೇ 'ಏವೆನ್' ಎಂಬ ಅಂತರ್ಜಾಲ ತಾಣ ಶುರು ಮಾಡಿದ. ಚದುರಿದ್ದವರು ಒಬ್ಬರನ್ನೊಬ್ಬರು ಕಂಡುಕೊಂಡದ್ದು ಹೆಚ್ಚಾಗಿ ಅಲ್ಲಿಂದ. ನಮ್ಮಲ್ಲಿಯೂ ದೆಹಲಿಯ ವೈದ್ಯೆ ಪ್ರಗತಿ ಸಿಂಗ್ 'ಇಂಡಿಯನ್ ಏಸಸ್' ಎಂಬ ಬಳಗ ಕಟ್ಟಿದ್ದಾರೆ. 2019ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಇನ್ನು ನಿನ್ನ ಅಮ್ಮನ ಮಾತು. ಅದನ್ನು ನಾನು ಬಯ್ಯಲಾರೆ, ಏಕೆಂದರೆ ಅದೇ ಮಾತನ್ನು ಸಂಬಳ ಪಡೆದು ಹೇಳಿದವಳು ನಾನು. ನಿವೃತ್ತಳಾಗುವ ಮೊದಲು ಒಂದು ಜಿಲ್ಲಾ ಕೇಂದ್ರದ ಕೌಟುಂಬಿಕ ನ್ಯಾಯಾಲಯದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. 1998ರಲ್ಲಿ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ ಬಂದಿದ್ದಳು. ಮದುವೆಯಾಗಿ ಹದಿನಾಲ್ಕು ತಿಂಗಳು. ಮಡಿಲಲ್ಲಿ ಸ್ಟೀಲಿನ ಊಟದ ಡಬ್ಬಿ ಇಟ್ಟುಕೊಂಡು, ಅದರ ಮುಚ್ಚಳವನ್ನು ತಿರುಗಿಸುತ್ತ ಹೇಳಿದಳು: "ಅವರ ಮೇಲೆ ನನಗೆ ಕೋಪವಿಲ್ಲ ಮೇಡಂ. ನನಗೆ ಅದು ಬೇಕು ಅನ್ನಿಸುವುದೇ ಇಲ್ಲ. ಯಾರ ಜೊತೆಗೂ ಅನ್ನಿಸಿಲ್ಲ." ನಾನು ಬುದ್ಧಿವಂತಳ ಹಾಗೆ ನಕ್ಕು, ಒಂದು ಮಗುವಾದರೆ ಎಲ್ಲ ತಾನಾಗಿ ಬರುತ್ತದೆ ಎಂದೆ. ವರದಿಯಲ್ಲಿ 'ಹೊಂದಾಣಿಕೆಗೆ ಕಾಲಾವಕಾಶ ಬೇಕು' ಎಂದು ಬರೆದು ಮನೆಗೆ ಕಳುಹಿಸಿದೆ. ನಾಲ್ಕು ವರ್ಷದ ಮೇಲೆ ಎರಡು ವರ್ಷದ ಹೆಣ್ಣುಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮತ್ತೆ ನನ್ನ ಮೇಜಿನ ಮುಂದೆ ನಿಂತಳು. "ಮಗು ಬಂತು ಮೇಡಂ. ಅದು ಬರಲಿಲ್ಲ" ಎಂದಳು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ.

ಆದ್ದರಿಂದ ಬರುತ್ತದೆಯೇ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ. ಬಾರದೆಯೂ ಇರಬಹುದು, ಬರುತ್ತದೆಂದು ನಂಬಿ ತಾಳಿಗೆ ಕತ್ತು ಕೊಡಬೇಡ. ನೀನು ಅಲೈಂಗಿಕಳೇ ಎಂದು ನಾನು ತೀರ್ಪು ಕೊಡುವುದಿಲ್ಲ, ಅದಕ್ಕೆ ರಕ್ತಪರೀಕ್ಷೆಯೂ ಇಲ್ಲ. ಆ ಪದ ಓದಿದಾಗ ಮನಸ್ಸಿಗೆ ಹಗುರವಾಯಿತೇ ನೋಡಿಕೋ. ಹಗುರವಾಗಿದ್ದರೆ ಇಟ್ಟುಕೋ. ಮುಂದೊಂದು ದಿನ ಬೇರೆಯಾಗಿ ಅನ್ನಿಸಿದರೆ ಯಾರೂ ದಂಡ ಹಾಕುವುದಿಲ್ಲ. ಲಾಲ್‌ಬಾಗಿನ ಹುಡುಗನಿಗೆ, ಅಮ್ಮನಿಗಿಂತ ಮೊದಲು, ನೇರವಾಗಿ ಹೇಳು: "ನಿನ್ನ ಜೊತೆ ಇರಬೇಕು ಅನ್ನಿಸುತ್ತದೆ, ಆದರೆ ಆ ಆಸೆ ನನ್ನಲ್ಲಿ ಹುಟ್ಟುವುದಿಲ್ಲ. ಅದು ನಿನ್ನ ತಪ್ಪೂ ಅಲ್ಲ, ನನ್ನ ಹಟವೂ ಅಲ್ಲ." ಅವನು ಹೋಗಬಹುದು. ಹೋದರೆ ನಿನಗೆ ನೋವಾಗುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆರನೇ ಗಂಡು ಉಪ್ಪಿಟ್ಟು ತಿಂದು ಒಪ್ಪಿಕೊಂಡುಬಿಟ್ಟರೆ ಅವನಿಗೂ ಇದೇ ಮಾತನ್ನು ನಿಶ್ಚಿತಾರ್ಥಕ್ಕೆ ಮುಂಚೆ ಹೇಳಬೇಕು. ಹೇಳುವ ಧೈರ್ಯ ಬಾರದ ದಿನ 14416ಕ್ಕೆ ಫೋನು ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ನನಗೆ 34. ಹುಬ್ಬಳ್ಳಿಯಲ್ಲಿ ಟೈರಿನ ಅಂಗಡಿ ಇದೆ. ಮದುವೆಯಾಗಿ ಮೂರು ವರ್ಷ. ಹೆಂಡತಿ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ನನ್ನ ತಾಯಿಯನ್ನು ಮಗಳಂತೆ ನೋಡಿಕೊಳ್ಳುತ್ತಾಳೆ, ನನ್ನೊಡನೆ ನಗುನಗುತ್ತಾ ಇರುತ್ತಾಳೆ. ಮೊದಲ ಆರು ತಿಂಗಳು ಸುಮ್ಮನೆ ಸಹಿಸಿಕೊಂಡಳು ಎಂದು ಈಗ ಅರ್ಥವಾಗುತ್ತಿದೆ. ಆಮೇಲೆ ಗೋಕರ್ಣಕ್ಕೆ ಹೋದಾಗ ಸಮುದ್ರದ ದಂಡೆಯಲ್ಲಿ ಕೂತು, ತನಗೆ ಎಂದೂ ಆ ಆಸೆ ಹುಟ್ಟಿಲ್ಲ ಎಂದಳು. ಅಂದಿನಿಂದ ನಮ್ಮ ನಡುವೆ ಏನೂ ಇಲ್ಲ. ಸ್ತ್ರೀರೋಗ ತಜ್ಞೆ ಎಲ್ಲ ಸರಿ ಇದೆ ಎಂದರು. ಅಣ್ಣ ಕೋರ್ಟಿಗೆ ಹಾಕು ಎನ್ನುತ್ತಾನೆ. ಗೆಳೆಯನೊಬ್ಬ, ಗಂಡಸಾಗಿ ಕೇಳಿಕೊಂಡು ಕೂರುತ್ತೀಯಾ ಎನ್ನುತ್ತಾನೆ. ಅವಳು ನನಗೆ ಮೋಸ ಮಾಡಿದಳೇ? ಇದು ಕಾಯಿಲೆಯೇ? ನಾನೇನು ಮಾಡಬೇಕು?
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಮ್ಮಾ, ಗೆಳೆಯನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅವನು ಹೇಳುತ್ತಿರುವುದು ಬಲಾತ್ಕಾರ. ನಮ್ಮ ಅಪರಾಧ ಕಾನೂನು ಇವತ್ತಿಗೂ ಗಂಡನಿಗೆ ಅದರಲ್ಲಿ ವಿನಾಯಿತಿ ಇಟ್ಟುಕೊಂಡಿದೆ, ನನಗೆ ಅದು ನಾಚಿಕೆಯ ವಿಷಯ. ಹಾಗಿದ್ದರೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಲೈಂಗಿಕ ಹಿಂಸೆಯನ್ನು ದೌರ್ಜನ್ಯವೆಂದೇ ಎಣಿಸುತ್ತದೆ. ಕಾನೂನು ಬದಿಗಿರಲಿ, ಗೋಕರ್ಣದ ಮಾತನ್ನು ಕೇಳಿಸಿಕೊಂಡು ಕೈ ಹಿಂದೆಗೆದವರು ನೀವು. ಆ ಗೆಳೆಯನಿಂದ ಕಲಿಯಬೇಕಾದದ್ದು ನಿಮಗೇನೂ ಇಲ್ಲ.

ಕಾಯಿಲೆಯೇ? ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಇದ್ದು ಈಗ ಹೋಯಿತೇ, ಅಥವಾ ಎಂದೂ ಇರಲಿಲ್ಲವೇ? ಇದ್ದದ್ದು ಹೋಗಿದ್ದರೆ ವೈದ್ಯರು ನೋಡಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಏರುಪೇರು, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಸಕ್ಕರೆ ಕಾಯಿಲೆ, ಹಿಂದೆಂದೋ ಆದ ದೌರ್ಜನ್ಯದ ನೆನಪು, ಹೀಗೆ ಕಾರಣ ಹತ್ತಾರು. ನೋವಿನಿಂದಾಗಿ ದೂರ ಸರಿಯುವುದೂ ಬೇರೆ ವಿಷಯ, ಅದಕ್ಕೆ ಚಿಕಿತ್ಸೆ ಇದೆ. ಆದರೆ ಹರೆಯದಿಂದಲೂ ಯಾರ ಮೇಲೂ ಆಸೆ ಹುಟ್ಟದೆ, ಅದರಿಂದ ಆಕೆಗೆ ತನ್ನಷ್ಟಕ್ಕೆ ಸಂಕಟವೂ ಇಲ್ಲದಿದ್ದರೆ ಅದಕ್ಕೆ ಕಾಯಿಲೆ ಎನ್ನುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿಯಲ್ಲಿಯೇ ಈ ಮಾತಿದೆ: ತಾನು ಅಲೈಂಗಿಕ ಎಂದು ಗುರುತಿಸಿಕೊಳ್ಳುವವರಿಗೆ ಆಸೆ ಕುಂದಿದ ಕಾಯಿಲೆಯ ಚೀಟಿ ಅಂಟಿಸಬಾರದು. ಕೆನಡಾದ ವ್ಯಾಂಕೂವರ್‌ನಲ್ಲಿ ಲೋರಿ ಬ್ರೊಟೊ ಎಂಬ ಸಂಶೋಧಕಿ ಪ್ರಯೋಗಾಲಯದಲ್ಲಿ ಅಳೆದು ನೋಡಿದಾಗ ಅಲೈಂಗಿಕ ಹೆಂಗಸರ ದೇಹದ ಪ್ರತಿಕ್ರಿಯೆಗೂ ಇತರ ಹೆಂಗಸರದಕ್ಕೂ ಅಂತರ ಕಾಣಲಿಲ್ಲ. ನಿಮ್ಮ ಸ್ತ್ರೀರೋಗ ತಜ್ಞೆ 'ಎಲ್ಲ ಸರಿ ಇದೆ' ಎಂದದ್ದು ಅಕ್ಷರಶಃ ನಿಜ.

ಮೋಸವೇ? ತಿಳಿದೂ ಮುಚ್ಚಿಟ್ಟರೆ ಮೋಸ. ನಿಮ್ಮ ಹೆಂಡತಿ ಬೆಳೆದ ಮನೆಯಲ್ಲಿ ಆಸೆ ಇರುವುದನ್ನೇ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಇಲ್ಲದಿರುವುದನ್ನು ಹೇಳಲು ಅವಳಿಗೆ ಮಾತು ಎಲ್ಲಿಂದ ಸಿಗಬೇಕು? ಮದುವೆಗೆ ಮುಂಚೆ ಆಸೆ ಇಲ್ಲದಿದ್ದರೆ ಒಳ್ಳೆಯ ಹುಡುಗಿ, ಮದುವೆಯ ಮರುದಿನ ಇಲ್ಲದಿದ್ದರೆ ಕೆಟ್ಟ ಹೆಂಡತಿ. ಒಂದೇ ರಾತ್ರಿಯಲ್ಲಿ ಬದಲಾಗು ಎಂದರೆ ಹೇಗೆ? ಅವಳೂ ತಾನಾಗಿ ಬರುತ್ತದೆಂದು ಕಾದಿರಬೇಕು.

ಇಷ್ಟು ಹೇಳಿ ನಿಮ್ಮ ನೋವನ್ನು ಬದಿಗೆ ತಳ್ಳಿದರೆ ನಾನು ಮತ್ತೆ ಹಳೆಯ ತಪ್ಪನ್ನೇ ತಿರುಗಿಸಿ ಮಾಡಿದ ಹಾಗಾಗುತ್ತದೆ. ನಿಮಗೆ ಆಸೆ ಇರುವುದು ತಪ್ಪಲ್ಲ. ನನ್ನನ್ನು ಯಾರೂ ಬಯಸುವುದಿಲ್ಲ ಎಂದು ವರ್ಷಗಟ್ಟಲೆ ರಾತ್ರಿ ಗೋಡೆ ನೋಡುತ್ತಾ ಮಲಗುವುದು ಚಿಕ್ಕ ಸಂಕಟವಲ್ಲ. ಆದರೆ ಒಂದನ್ನು ಬಿಡಿಸಿ ನೋಡಿ: ಅವಳು ಬಯಸದಿರುವುದು ನಿಮ್ಮನ್ನಲ್ಲ, ಯಾರನ್ನೂ.

ಮುಂದೇನು ಎನ್ನುವುದಕ್ಕೆ ಇಬ್ಬರೂ ಕುಳಿತು ಮಾತನಾಡಬೇಕು, ಅಣ್ಣನಿಲ್ಲದೆ, ಗೆಳೆಯನಿಲ್ಲದೆ. ಅಲೈಂಗಿಕರೆಲ್ಲ ಒಂದೇ ತರಹ ಇರುವುದಿಲ್ಲ. ಕೆಲವರಿಗೆ ಆ ಕ್ರಿಯೆಯೇ ಸಹಿಸಲಾಗದು. ಕೆಲವರಿಗೆ ಬೇಕೂ ಇಲ್ಲ, ಬೇಡವೂ ಇಲ್ಲ. ಕೆಲವರು ತಮಗೆ ಆಸೆ ಇಲ್ಲದಿದ್ದರೂ ಪ್ರೀತಿಸುವವರಿಗಾಗಿ ಮನಃಪೂರ್ವಕ ಒಪ್ಪುತ್ತಾರೆ. ಅವಳು ಇದರಲ್ಲಿ ಯಾರು ಎಂದು ಕೇಳಿ. ಕೇಳಿದ ಮೇಲೆ ಬಂದ ಉತ್ತರದ ಜೊತೆ ಚೌಕಾಸಿ ಮಾಡಬೇಡಿ, ಇದು ಟೈರಿನ ಅಂಗಡಿಯಲ್ಲ. ಮುಟ್ಟುವುದು, ಅಪ್ಪಿಕೊಂಡು ಮಲಗುವುದು ಅವಳಿಗೆ ಇಷ್ಟವಿರಬಹುದು. ಮುಂದಕ್ಕೆ ಹೋದೀತೆಂಬ ಅಂಜಿಕೆಯಿಂದ ಅದನ್ನೂ ಬಿಟ್ಟಿರಬಹುದು. ಅಂಥ ದಂಪತಿಯನ್ನು ನಾನು ಕಂಡಿದ್ದೇನೆ.

ಅಣ್ಣ ಹೇಳುವ ಕೋರ್ಟಿನ ವಿಷಯ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ, ಸಂಗಾತಿಯ ನಪುಂಸಕತೆಯ ಕಾರಣದಿಂದ ಸಮಾಗಮ ನಡೆಯದಿದ್ದರೆ ಮದುವೆಯನ್ನು ರದ್ದುಪಡಿಸಲು ಅವಕಾಶವಿದೆ. ನಿಮ್ಮ ಪತ್ರ ಓದಿದರೆ ಅದು ನಿಮಗೆ ಹೊಂದುವುದಿಲ್ಲ. 13ನೇ ಕಲಮಿನಲ್ಲಿ ಕ್ರೌರ್ಯ ಎಂಬ ಆಧಾರವಿದೆ. ಸರಿಯಾದ ಕಾರಣವಿಲ್ಲದೆ, ದೀರ್ಘಕಾಲ, ಒಬ್ಬರೇ ತೀರ್ಮಾನಿಸಿ ಸಂಪರ್ಕ ನಿರಾಕರಿಸುವುದು ಮಾನಸಿಕ ಕ್ರೌರ್ಯವಾಗಬಹುದು ಎಂದು ಸುಪ್ರೀಂ ಕೋರ್ಟ್ 2007ರ ಸಮರ್ ಘೋಷ್ ಪ್ರಕರಣದಲ್ಲಿ ಹೇಳಿದೆ. ಆಧ್ಯಾತ್ಮಿಕ ನಂಬಿಕೆಯಿಂದ ದೂರವುಳಿದ ಗಂಡನೊಬ್ಬನ ಮೇಲೆ ಹೆಂಡತಿ ಹೂಡಿದ್ದ ಕ್ರಿಮಿನಲ್ ಮೊಕದ್ದಮೆಯನ್ನು ನಮ್ಮ ಕರ್ನಾಟಕ ಹೈಕೋರ್ಟ್ 2023ರಲ್ಲಿ ರದ್ದು ಮಾಡಿತು. ಅದು ವಿವಾಹ ಕಾಯ್ದೆಯ ಮಟ್ಟಿಗೆ ಕ್ರೌರ್ಯವಾದೀತು, ಹೆಂಡತಿಯ ಮೇಲಿನ ಕ್ರೌರ್ಯದ ಬಗೆಗಿನ, ಆಗಿನ ದಂಡಸಂಹಿತೆಯ 498ಎ ಕಲಮಿನ ಅಪರಾಧವಾಗದು ಎಂದಿತು. ಅಂದರೆ ಅಣ್ಣನ ದಾರಿಯಲ್ಲಿ ಹೋದರೆ ವಿಚ್ಛೇದನ ಸಿಗಲೂಬಹುದು. ಆದರೆ ನಿಮ್ಮ ತಾಯಿಗೆ ಗಂಜಿ ಕಾಯಿಸಿ ಕೊಡುವವಳನ್ನು ತುಂಬಿದ ಕೋರ್ಟಿನಲ್ಲಿ 'ಕ್ರೂರಿ' ಎಂದು ನೀವು ಸಾಬೀತು ಮಾಡಬೇಕು. ನಿಮ್ಮ ಕೈಯಲ್ಲಿ ಅದು ಆಗುವುದಿಲ್ಲ, ಪತ್ರ ಓದಿದರೆ ಗೊತ್ತಾಗುತ್ತದೆ. ಅಗಲುವುದೇ ಆದರೆ ಅದೇ ಕಾಯ್ದೆಯ 13ಬಿ ಕಲಮಿನಂತೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಇದೆ: ಒಂದು ವರ್ಷ ಬೇರೆಯಾಗಿದ್ದು ಒಟ್ಟಿಗೆ ಅರ್ಜಿ ಹಾಕಬೇಕು, ಆಮೇಲೆ ಆರು ತಿಂಗಳು ಕಾಯಬೇಕು, ಆ ಆರು ತಿಂಗಳನ್ನು ನ್ಯಾಯಾಲಯ ಬೇಕೆನಿಸಿದರೆ ಬಿಟ್ಟುಕೊಡಬಹುದು. ಯಾರೂ ಯಾರನ್ನೂ ಕ್ರೂರಿ ಎನ್ನಬೇಕಾಗಿಲ್ಲ.

ಇರಬೇಕೋ ಅಗಲಬೇಕೋ ಎಂದು ನಾನು ಹೇಳುವುದಿಲ್ಲ. ಹೇಳುತ್ತಿದ್ದ ಕಾಲವೊಂದಿತ್ತು.

ಪ್ರಶ್ನೆ: ನನ್ನ ಮಗನಿಗೆ 31. ಒಳ್ಳೆಯ ಕೆಲಸ, ಕುಡಿತವಿಲ್ಲ, ಹುಡುಗಿಯರ ಹುಚ್ಚಿಲ್ಲ. ಮದುವೆ ಎಂದರೆ ಸಾಕು, "ನನಗೆ ಆ ಥರ ಅನ್ನಿಸುವುದೇ ಇಲ್ಲಮ್ಮ, ಬಿಟ್ಟುಬಿಡು" ಎಂದು ಎದ್ದುಹೋಗುತ್ತಾನೆ. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿದೆವು. ಕುಜದೋಷಕ್ಕೂ ಶಾಂತಿಯಾಯಿತು. ಬಸ್ ನಿಲ್ದಾಣದ ಗೋಡೆಯ ಮೇಲೆ ಗುಪ್ತರೋಗ ತಜ್ಞರ ವಿಳಾಸವಿದೆ. ಅವನಿಗೆ ತಿಳಿಯದ ಹಾಗೆ ಔಷಧಿ ತಂದು ಹಾಲಿನಲ್ಲಿ ಬೆರೆಸಿ ಕೊಡಬಹುದೇ?
ಒಬ್ಬ ತಾಯಿ, ಮಂಡ್ಯ

ಉತ್ತರ: ಬೇಡ, ಅಕ್ಕಾ! ಹಾಲಿಗೆ ಸಕ್ಕರೆಯ ಹೊರತು ಏನನ್ನೂ ಬೆರೆಸಬೇಡಿ. ಆ ಗೋಡೆಯ ತಜ್ಞರ ಪುಡಿಯಲ್ಲಿ ಏನಿರುತ್ತದೋ ಸುಬ್ರಹ್ಮಣ್ಯನಿಗೂ ತಿಳಿಯದು.

ಮಗ ನಿಮಗೆ ಸುಳ್ಳು ಹೇಳಿ ಓಡಾಡುತ್ತಿಲ್ಲ. ಬೇರೆ ಮನೆಗಳ ಗಂಡುಮಕ್ಕಳು ಸಾಲದ ನೆಪ, ಬಡ್ತಿಯ ನೆಪ ಹೇಳಿ ವರ್ಷ ದೂಡುತ್ತಾರೆ. ಇವನು ಇದ್ದದ್ದನ್ನು ಇದ್ದ ಹಾಗೆ ಹೇಳಿ, "ಬಿಟ್ಟುಬಿಡು" ಎಂದು ಕೇಳಿಕೊಂಡಿದ್ದಾನೆ. ಗಂಡು ಎಂದರೆ ಸದಾ ಹಸಿದಿರಬೇಕು ಎಂದು ನಂಬಿದ ಊರಿನಲ್ಲಿ ಗಂಡುಮಗ ಇದನ್ನು ಹೇಳುವುದು ಹೆಣ್ಣುಮಗಳು ಹೇಳುವುದಕ್ಕಿಂತ ಕಷ್ಟ. ಅವನನ್ನು ನಂಬಿ. ಹಾಗೇ ಮದುವೆ ಮಾಡಿಬಿಟ್ಟರೆ ಮಗನ ಜೊತೆಗೆ ಇನ್ನೊಬ್ಬರ ಮಗಳೂ ಗೋಡೆ ನೋಡುತ್ತಾ ಮಲಗುತ್ತಾಳೆ. ಮೇಲಿನ ಹುಬ್ಬಳ್ಳಿಯ ಪತ್ರವನ್ನು ಇನ್ನೊಂದು ಸಲ ಓದಿ.

ಪದವೀಧರ ವೈದ್ಯರೇ ಯಾರಾದರೂ "ಮನಸ್ಸನ್ನು ತಿರುಗಿಸಿಕೊಡುತ್ತೇವೆ" ಎಂದರೂ ಹಣ ಕೊಡಬೇಡಿ. ಒಬ್ಬರ ಲೈಂಗಿಕ ಒಲವನ್ನು ಬದಲಿಸುವ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಹೇಳಿದೆ. ನಿಮ್ಮ ನಿಜವಾದ ಭಯ ಬೇರೆ ಎಂದು ನನ್ನ ಊಹೆ: ನಾನು ಹೋದ ಮೇಲೆ ಅವನಿಗೆ ಯಾರಿದ್ದಾರೆ ಎಂಬುದು. ಆ ಭಯ ನ್ಯಾಯವಾದದ್ದು. ಅದನ್ನು ಅವನ ಮುಂದೆ ಹಾಗೆಯೇ ಇಡಿ. ಗೆಳೆಯರು ಯಾರು, ಮನೆ ಎಲ್ಲಿ, ಕಾಯಿಲೆ ಬಿದ್ದರೆ ಯಾರಿಗೆ ಫೋನು ಮಾಡುತ್ತಾನೆ ಎಂದು ಕೇಳಿ. ಮದುವೆಯ ಮಾತು ಎತ್ತದೆ ಈ ಮಾತು ಎತ್ತಿದರೆ ಅವನು ಎದ್ದುಹೋಗಲಾರ.

ಪ್ರಶ್ನೆ: ಇದೆಲ್ಲ ಪರದೇಶದ ಗೀಳು. ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದು. ನಮ್ಮ ಕಾಲದಲ್ಲಿ ಇಂಥವರು ಎಲ್ಲಿದ್ದರು?
ಆರ್.ಕೆ., ತುಮಕೂರು

ಉತ್ತರ: ನಿಮ್ಮ ಕಾಲದಲ್ಲಿ ಅವರು ನಿಮ್ಮ ಮನೆಯ ಹಿತ್ತಲಿನ ಕೋಣೆಯಲ್ಲಿದ್ದರು ಸ್ವಾಮಿ, ಮದುವೆಯಾಗದ ಸೋದರಮಾವನಾಗಿ. ಇಲ್ಲವೇ ನಡುಮನೆಯಲ್ಲಿ, ನಾಲ್ಕು ಮಕ್ಕಳ ತಾಯಿಯಾಗಿ. ಹೆಸರಿಲ್ಲದ್ದರಿಂದ ನಿಮಗೆ ಕಾಣಲಿಲ್ಲ.

ಅಮೆರಿಕದ ಸಂಶೋಧಕ ಆಲ್ಫ್ರೆಡ್ ಕಿನ್ಸೆ 1948ರಲ್ಲಿ ಜನರ ಲೈಂಗಿಕ ಒಲವನ್ನು ಸೊನ್ನೆಯಿಂದ (ಬರೀ ಎದುರು ಲಿಂಗದವರ ಕಡೆಗೆ) ಆರರವರೆಗಿನ (ಬರೀ ತಮ್ಮದೇ ಲಿಂಗದವರ ಕಡೆಗೆ) ಅಳತೆಗೋಲಿನಲ್ಲಿ ಇಡಲು ಹೋದಾಗ ಕೆಲವರು ಯಾವ ಅಂಕಿಗೂ ಸಿಗಲಿಲ್ಲ. ಅವರಿಗೆ 'ಎಕ್ಸ್' ಎಂದು ಗುರುತು ಹಾಕಿ ಬದಿಗಿಟ್ಟ. ಆಗ ಇಂಟರ್ನೆಟ್ ಇರಲಿಲ್ಲ. ಕೆನಡಾದ ಸಂಶೋಧಕ ಆಂಟನಿ ಬೊಗಾರ್ಟ್ 2004ರಲ್ಲಿ, ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದ್ದ ಹಳೆಯ ಸಮೀಕ್ಷೆಯೊಂದನ್ನು ತೆಗೆದು ನೋಡಿದರೆ, "ಯಾರ ಮೇಲೂ ನನಗೆ ಲೈಂಗಿಕ ಸೆಳೆತ ಆಗಿಲ್ಲ" ಎಂಬ ಉತ್ತರಕ್ಕೆ ಗುರುತು ಹಾಕಿದವರು ಸುಮಾರು ನೂರಕ್ಕೆ ಒಬ್ಬರು. ಅದು ಬ್ರಿಟನ್ನಿನ ಲೆಕ್ಕ, ತುಮಕೂರಿನದಲ್ಲ. ಆದರೂ ಮುಂದಿನ ಮದುವೆಯೂಟದಲ್ಲಿ ಪಂಕ್ತಿಯ ಎಲೆಗಳನ್ನು ಎಣಿಸುತ್ತಾ ಹೋಗಿ. ಗುಸುಗುಸು ಬೇಡ, ಎಣಿಸಿದರೆ ಸಾಕು.

ಪ್ರಶ್ನೆ: ನಾನು 22ರ ವಿದ್ಯಾರ್ಥಿನಿ. ನನಗೆ ಯಾರನ್ನು ನೋಡಿದರೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಎರಡು ವರ್ಷದ ಗಾಢ ಸ್ನೇಹದ ನಂತರ ಒಬ್ಬರ ಮೇಲೆ ಮಾತ್ರ ಆಸೆ ಹುಟ್ಟಿತು. ಗೆಳತಿ ಡೆಮಿ ಎನ್ನುತ್ತಾಳೆ, ಇನ್ನೊಬ್ಬಳು ಗ್ರೇ ಎನ್ನುತ್ತಾಳೆ. ಇಷ್ಟೊಂದು ಹೆಸರು ಏಕೆ? ನಾನು ಯಾವುದು?
ಪಿ., ಮಂಗಳೂರು

ಉತ್ತರ: ಮನಸ್ಸಿನ ಗಂಟು ಬಲಿತ ಮೇಲೆಯೇ ಆಸೆ ಹುಟ್ಟುವವರಿಗೆ ಡೆಮಿಸೆಕ್ಷುವಲ್ ಎಂಬ ಪದ ಬಳಸುತ್ತಾರೆ. ಎಲ್ಲೋ ಅಪರೂಪಕ್ಕೆ, ಅಥವಾ ಇದೆಯೋ ಇಲ್ಲವೋ ಎಂಬಷ್ಟು ಮಂಕಾಗಿ ಆಸೆ ಬರುವವರು ಗ್ರೇ, ಬೂದು. ಎರಡರ ನಡುವೆ ಬೇಲಿ ಹಾಕಿಲ್ಲ. 2010ರಲ್ಲಿ ಇವರೆಲ್ಲ ಸೇರಿ ಆರಿಸಿಕೊಂಡ ಬಾವುಟದಲ್ಲಿಯೂ ಕಪ್ಪು, ಬಿಳಿ, ನೇರಳೆಯ ಜೊತೆ ಬೂದುಬಣ್ಣದ ಪಟ್ಟಿಯಿದೆ, ನಡುವೆ ನಿಂತವರಿಗಾಗಿ. ಹೆಸರನ್ನು ಬಸ್ಸಿನ ಬೋರ್ಡಿನ ಹಾಗೆ ನೋಡು. ನಿನ್ನ ಊರಿಗೆ ಹೋಗುವ ಬಸ್ಸು ಸಿಕ್ಕರೆ ಹತ್ತು. ಬೋರ್ಡು ಓದಿ ಓದಿ ಕಣ್ಣು ನೋಯಿಸಿಕೊಳ್ಳಬೇಡ.

ಒಂದು ತಮಾಷೆ ಹೇಳುತ್ತೇನೆ. ಏಸ್ ಎಂದು ಗುರುತಿಸಿಕೊಳ್ಳಲು ಕೆಲವರು ಬಲಗೈ ನಡುಬೆರಳಿಗೆ ಕಪ್ಪು ಉಂಗುರ ಹಾಕಿಕೊಳ್ಳುತ್ತಾರೆ. ಅಕ್ಕನ ಮಗಳು ಅದನ್ನು ಹಾಕಿಕೊಂಡು ಊರಿಗೆ ಬಂದಾಗ ಓಣಿಯವರೆಲ್ಲ ಮರುಗಿದರು: "ಪಾಪ, ಹುಡುಗಿಗೆ ಶನಿಕಾಟ." ಕುದುರೆ ಲಾಳದ ಉಂಗುರ ಎಲ್ಲಿ ಮಾಡಿಸಿದೆ ಎಂದು ಒಬ್ಬರು ವಿಳಾಸವನ್ನೂ ಕೇಳಿದರು.

ಪ್ರಶ್ನೆ: ಮಾನ್ಯರೇ, ನಾನು ಶಿರಸಿಯ ನಿವೃತ್ತ ಗಣಿತ ಶಿಕ್ಷಕ, 68 ವರ್ಷ. ಮದುವೆಯಾಗಲಿಲ್ಲ. ತಂಗಿಯ ಸಂಸಾರದೊಡನೆ ಇದ್ದೇನೆ, ಸುಖವಾಗಿದ್ದೇನೆ. ನಿವೃತ್ತಿಯ ದಿನ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, "ನೈಷ್ಠಿಕ ಬ್ರಹ್ಮಚಾರಿ, ನಮ್ಮೂರ ಭೀಷ್ಮ" ಎಂದು ಭಾಷಣ ಮಾಡಿದರು. ನನಗೆ ಮುಜುಗರವಾಯಿತು. ನಾನು ಯಾವ ಪ್ರತಿಜ್ಞೆಯನ್ನೂ ಮಾಡಿಲ್ಲ, ಯಾವುದನ್ನೂ ಗೆದ್ದಿಲ್ಲ. ಆಸೆ ಬಂದಿದ್ದರೆ ತಾನೆ ತಡೆಯುವುದು! ಬೆನ್ನ ಹಿಂದೆ, ಮೇಷ್ಟ್ರಲ್ಲಿ ಏನೋ ದೋಷವಿದೆ ಎಂದವರೂ ಇದ್ದರು. ಹೊಗಳಿಕೆ, ನಿಂದೆ ಎರಡೂ ತಪ್ಪು ವಿಳಾಸಕ್ಕೆ ಬಂದ ಟಪಾಲು ಎನ್ನಿಸುತ್ತಿತ್ತು. ಕಳೆದ ತಿಂಗಳ ನಿಮ್ಮ ಒಂದು ವಾಕ್ಯ ಓದಿ ಬಹಳ ಹೊತ್ತು ಜಗಲಿಯಲ್ಲಿ ಕುಳಿತೆ. ಈ ವಯಸ್ಸಿನಲ್ಲಿ ಈ ಪದದಿಂದ ಏನು ಪ್ರಯೋಜನ? ಆ ಶಾಲನ್ನು ಹೊದೆಯಲು ಇಂದಿಗೂ ಸಂಕೋಚ.
ಜಿ., ಶಿರಸಿ

ಉತ್ತರ: ಮೇಷ್ಟ್ರೇ, ಹದಿನಾಲ್ಕು ಪತ್ರಗಳಲ್ಲಿ ನಿಮ್ಮದನ್ನು ಎರಡು ಸಲ ಓದಿದೆ. ಏಕಾದಶಿಯ ದಿನ ಹಸಿವನ್ನು ಕಟ್ಟಿಕೊಂಡು ಕೂರುವವರದು ಉಪವಾಸ. ಹಸಿವೇ ಇಲ್ಲದವರದು ಉಪವಾಸವಲ್ಲ, ಅವರಿಗೆ ಆ ಪುಣ್ಯವನ್ನು ಕಟ್ಟುವುದೂ ಲೆಕ್ಕದ ತಪ್ಪು. ಭೀಷ್ಮ ಕೈಬಿಟ್ಟದ್ದು ಇತ್ತು, ಅದಕ್ಕೇ ಅದು ಭೀಷಣ ಪ್ರತಿಜ್ಞೆ. ಅಕ್ಕಮಹಾದೇವಿಯನ್ನೂ ಕೆಲವರು ಈ ಸಾಲಿಗೆ ಎಳೆಯುತ್ತಾರೆ. ಅವಳಲ್ಲಿ ಒಲವು ಉಕ್ಕಿ ಹರಿಯುತ್ತಿತ್ತು, ಪೂರ್ತಿ ಚೆನ್ನಮಲ್ಲಿಕಾರ್ಜುನನ ಕಡೆಗೆ. ನೀವು ಭೀಷ್ಮನೂ ಅಲ್ಲ, ಅಕ್ಕನೂ ಅಲ್ಲ, ದೋಷವುಳ್ಳವರೂ ಅಲ್ಲ ಎಂಬುದನ್ನು ಗಣಿತದವರಾದ ನೀವು ನನಗಿಂತ ಚೊಕ್ಕವಾಗಿ ಸಾಧಿಸಬಲ್ಲಿರಿ.

ಪ್ರಯೋಜನ ಕೇಳಿದಿರಿ. ನಿಮಗೆ ಎಷ್ಟೋ ಗೊತ್ತಿಲ್ಲ. ಆದರೆ ಸಾಗರದ ಕಡೆಯ ಹುಡುಗಿಯೊಬ್ಬಳು ಈ ಪುಟದ ಮೇಲುಗಡೆ, ಹತ್ತನೇ ತರಗತಿಯಿಂದ ಕಾಯುತ್ತಿದ್ದೇನೆ ಎಂದು ಬರೆದಿದ್ದಾಳೆ. ಅವಳು ಕೆಳಗಿನವರೆಗೆ ಓದಿದರೆ, ಸುಖವಾಗಿದ್ದೇನೆ ಎಂದು ಬರೆದ 68 ವರ್ಷದವರೊಬ್ಬರು ಸಿಗುತ್ತಾರೆ. ನಾನು ಅವಳಿಗೆ ಬರೆದ ಉದ್ದ ಉತ್ತರಕ್ಕಿಂತ ನಿಮ್ಮ ಆ ಒಂದು ಪದ ಹೆಚ್ಚು ಕೆಲಸ ಮಾಡೀತು.

ಶಾಲನ್ನು ಮಾತ್ರ ಹಿಂದಿರುಗಿಸಬೇಡಿ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಊರ ಮಕ್ಕಳಿಗೆ ಬೀಜಗಣಿತ ಕಲಿಸಿದ್ದಕ್ಕೆ ಕೊಟ್ಟದ್ದೆಂದು ತಿಳಿದು ಹೊದೆದುಕೊಳ್ಳಿ. ಮಾಗಿಯಲ್ಲಿ ಶಿರಸಿಯ ಜಗಲಿ ತಣ್ಣಗಿರುತ್ತದೆ.